ಸಹಾಯ ಬೇಕು: ಕಡಿತವಾದ ಟಿಡಿಎಸ್ 26ಎಎಸ್‌ನಲ್ಲಿ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಗಾರೆ ಮೇಸ್ತ್ರಿ. ಆರು ಜನರನ್ನು ಕಟ್ಟಿಕೊಂಡು ಉಪಗುತ್ತಿಗೆ ಕೆಲಸ ಮಾಡುತ್ತೇನೆ. 2024–25ರಲ್ಲಿ ಶಿವಮೊಗ್ಗದ ಒಬ್ಬ ಗುತ್ತಿಗೆದಾರರಿಗೆ ಜಂಬಿಟ್ಟಿಗೆ ಗೋಡೆ, ಗಾರೆ ಎಲ್ಲ ಸೇರಿ 6,40,000 ರೂಪಾಯಿಯ ಕೂಲಿ ಬಿಲ್ ಕೊಟ್ಟೆ. ನನ್ನ ಬ್ಯಾಂಕ್ ಖಾತೆಗೆ ಬಂದದ್ದು 6,27,200. ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಎಂದು 12,800 ಹಿಡಿದುಕೊಂಡಿದ್ದಾರೆ. ಅಂದರೆ ಶೇ. 2!

ಗುತ್ತಿಗೆ ಹಣದ ಟಿಡಿಎಸ್ ಬಗ್ಗೆ ಹೇಳುವ ಆದಾಯ ತೆರಿಗೆ ಕಾಯ್ದೆಯ ಕಲಂ 194ಸಿ ಪ್ರಕಾರ ನನ್ನಂಥ ಒಂಟಿ ವ್ಯಕ್ತಿಗೆ ಶೇ. 1 ಮಾತ್ರ, ಶೇ. 2 ಇರುವುದು ಕಂಪನಿ, ಪಾಲುದಾರಿಕೆ ಸಂಸ್ಥೆಯಂಥವರಿಗೆ. ಪ್ಯಾನ್ ಕೊಡದಿದ್ದರೆ ಶೇ. 20 ಕಡಿತವಾಗುತ್ತದೆ, ಆದರೆ ನಾನು ಮೊದಲ ದಿನವೇ ಕೊಟ್ಟಿದ್ದೇನೆ. ಹೋಗಲಿ, ಹೆಚ್ಚು ಹಿಡಿದರೂ ರೀಫಂಡ್ ಬರುತ್ತದೆಂದು ಸುಮ್ಮನಿದ್ದೆ. ಈಗ ನೋಡಿದರೆ 26ಎಎಸ್‌ನಲ್ಲಿ (ನಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಒಂದು ರೂಪಾಯಿಯೂ ಇಲ್ಲ. ಟಿಡಿಎಸ್ ಹಿಡಿದದ್ದಕ್ಕೆ ಕೊಡಬೇಕಾದ ಪ್ರಮಾಣಪತ್ರ, ಅಂದರೆ ನಮೂನೆ 16ಎ ಕೇಳಿದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಮಳೆ ಹಿಡಿದು ಕೆಲಸವೆಲ್ಲ ನಿಂತಿರುವ ಈ ದಿನಗಳಲ್ಲಿ ಬಸ್ ಚಾರ್ಜೂ ಭಾರವೇ.

ಸಣ್ಣ ವ್ಯವಹಾರದವರು ಅಂದಾಜು ಆದಾಯ ತೋರಿಸಲು ಇರುವ ಕಲಂ 44ಎಡಿ ಅಡಿಯಲ್ಲಿ ಬ್ಯಾಂಕ್ ಮೂಲಕ ಬಂದ ವಹಿವಾಟಿನ ಶೇ. 6 ಆದಾಯವೆಂದು ತೋರಿಸಿದರೆ ನನಗೆ ತೆರಿಗೆಯೇ ಬರುವುದಿಲ್ಲ, ಪೂರ್ತಿ 12,800 ವಾಪಸ್ ಬರಬೇಕು.

ತಿಳಿದವರು ಹೇಳಿ: ಅವರು ಹಣ ಕಟ್ಟಿಯೇ ಇಲ್ಲವೋ, ಪ್ಯಾನ್ ಸಂಖ್ಯೆ ತಪ್ಪಾಗಿ ಬರೆದಿದ್ದಾರೋ ಎಂದು ಪತ್ತೆ ಮಾಡುವುದು ಹೇಗೆ? ಬಿಲ್, ಪಾಸ್‌ಬುಕ್ ಆಧಾರದ ಮೇಲೆ ರಿಟರ್ನ್ ಹಾಕಿ ರೀಫಂಡ್ ಪಡೆದವರು ಯಾರಾದರೂ ಇದ್ದೀರಾ? ಇನ್ನೊಂದು, ‘ಜಿಎಸ್‌ಟಿ ಬಿಲ್ ತಂದರೆ ಮಾತ್ರ ಮುಂದಿನ ಕೆಲಸ’ ಎನ್ನುತ್ತಿದ್ದಾರೆ. ವರ್ಷಕ್ಕೆ 20 ಲಕ್ಷ ದಾಟದ ನನಗೆ ಅದು ಏಕೆ? ಶಿವಮೊಗ್ಗದಲ್ಲಿ ಸಣ್ಣ ಮೇಸ್ತ್ರಿಗಳ ಲೆಕ್ಕವನ್ನೂ ತಾಳ್ಮೆಯಿಂದ ನೋಡುವ ತೆರಿಗೆ ಸಲಹೆಗಾರರು ಗೊತ್ತಿದ್ದರೆ ದಯವಿಟ್ಟು ಸಂದೇಶ ಕಳುಹಿಸಿ.