ಸಣ್ಣ ಕೊಳದಲ್ಲಿ ಮೀನು, ಹಸು, ಬಾತು: ಪ್ರಶ್ನೋತ್ತರ

ಪ್ರಶ್ನೆ: ಸರ್, 1000 ಚದರ ಮೀಟರ್ ಕೊಳ ಇದೆ, ಒಂದೂವರೆ ಮೀಟರ್ ನೀರು ನಿಲ್ಲುತ್ತೆ. ಒಂದು ಹಸು ಇದೆ, 25 ಬಾತುಕೋಳಿ ತರೋಣ ಅಂತಿದ್ದೀವಿ. ಮೀನಿನ ಆಹಾರಕ್ಕೆ ದುಡ್ಡು ಹಾಕೋ ಶಕ್ತಿ ಇಲ್ಲ. ಸಗಣಿ, ಬಾತಿನ ಹಿಕ್ಕೆ ಎರಡನ್ನೂ ಕೊಳಕ್ಕೇ ಬಿಟ್ಟರೆ ಸಾಕಾಗುತ್ತಾ?

ಉತ್ತರ (ಮೀನುಗಾರಿಕೆ ವಿಸ್ತರಣಾಧಿಕಾರಿ): ಸಾಕಾಗುವುದಿರಲಿ, ಹೆಚ್ಚಾಗುತ್ತದೆ. ಒಂದು ಹೆಕ್ಟೇರ್ ಕೊಳಕ್ಕೆ 5–6 ಹಸುಗಳ ಸಗಣಿ, ಅಥವಾ 200–300 ಬಾತು, ಅಥವಾ 500–600 ಕೋಳಿ, ಅಥವಾ 30–40 ಹಂದಿ ಎಂಬುದು ರೂಢಿಯ ಲೆಕ್ಕ. ಇವುಗಳಲ್ಲಿ ಒಂದನ್ನು ಮಾತ್ರ ಪೂರ್ತಿ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು, ಎಲ್ಲವನ್ನೂ ಪೂರ್ತಿಯಾಗಿ ಕೂಡಿಸುವಂತಿಲ್ಲ. ನಿಮ್ಮದು ಹೆಕ್ಟೇರಿನ ಹತ್ತನೇ ಒಂದು ಭಾಗ. 25 ಬಾತು ತಂದರೆ ಕೊಳಕ್ಕೆ ಬೇಕಾದಷ್ಟು ಗೊಬ್ಬರ ಸಿಕ್ಕಿಹೋಯಿತು, ಸಗಣಿ ಪೂರ್ತಿ ತಿಪ್ಪೆಗೋ ಗೋಬರ್ ಗ್ಯಾಸಿಗೋ ಹೋಗಲಿ. ಬಾತು ಬೇಡವೆಂದರೆ ದಿನಕ್ಕೆ 5–7 ಕೆ.ಜಿ. ಹಸಿ ಸಗಣಿ ಸಾಕು, ಅಂದರೆ ಒಂದು ಹಸು ಹಾಕುವುದರಲ್ಲಿ ಸುಮಾರು ಅರ್ಧ. ಎರಡೂ ಬೇಕೆಂದರೆ ಎರಡನ್ನೂ ಅರ್ಧಕ್ಕೆ ಇಳಿಸಿ: 12 ಬಾತು, 3 ಕೆ.ಜಿ. ಸಗಣಿ.

ಹೀಗೇಕೆಂದರೆ, ನೀವು ಹಾಕುವ ಸಗಣಿ ಮೀನಿನ ಹೊಟ್ಟೆಗೆ ನೇರವಾಗಿ ಹೋಗುವುದು ತೀರ ಕಡಿಮೆ. ಅದು ಕೊಳೆತು ಬಿಡುವ ಸಾರಜನಕ, ರಂಜಕದಿಂದ ಸೂಕ್ಷ್ಮ ಪಾಚಿ ಬೆಳೆಯುತ್ತದೆ, ಪಾಚಿಯನ್ನು ತಿಂದು ಸೂಕ್ಷ್ಮ ಪ್ರಾಣಿಗಳು ಹೆಚ್ಚುತ್ತವೆ, ಇವೆರಡೂ ಮೀನಿಗೆ ಮೇವು. ಆದರೆ ಕೊಳೆಯುವ ಕೆಲಸಕ್ಕೆ ನೀರಿನ ಆಮ್ಲಜನಕವೇ ಖರ್ಚಾಗಬೇಕು. ಹಾಗಾಗಿ ಕೊಟ್ಟಿಗೆಯಲ್ಲಿ ಎಷ್ಟು ಸಗಣಿ ಬಿದ್ದಿದೆ ಎಂಬುದು ಲೆಕ್ಕಕ್ಕಿಲ್ಲ. ನೀರಲ್ಲಿ ಬೆಳಗಿನ ಜಾವಕ್ಕೆ ಎಷ್ಟು ಆಮ್ಲಜನಕ ಉಳಿಯುತ್ತದೆ ಎಂಬುದೇ ನಿಮ್ಮ ಮಿತಿ.

ಶುರು ಮಾಡುವ ಕ್ರಮ: ಕೊಳ ಬತ್ತಿಸಿ, ತಳ ಬಿರುಕು ಬಿಡುವವರೆಗೆ ಒಣಗಿಸಿ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7–8 ಇದ್ದರೆ 20–25 ಕೆ.ಜಿ. ಸುಣ್ಣ, 6.5–7 ಇದ್ದರೆ 50 ಕೆ.ಜಿ., 5–6.5 ಇದ್ದರೆ 100 ಕೆ.ಜಿ. ಎರಚಿ. ಒಂದು ವಾರ ಬಿಟ್ಟು 200 ಕೆ.ಜಿ. ಹಸಿ ಸಗಣಿ ಹರಡಿ ನೀರು ತುಂಬಿಸಿ. ಸುಣ್ಣ, ಸಗಣಿ ಒಂದೇ ದಿನ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಗೊಬ್ಬರದ ಅರ್ಥವೇ ಉಳಿಯುವುದಿಲ್ಲ. ನೀರು ತುಂಬಿಸುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಇಲ್ಲದಿದ್ದರೆ ಬೇಡದ ಮೀನಿನ ಮರಿ, ಮೊಟ್ಟೆ ಒಳಗೆ ಬರುತ್ತವೆ. ಸಗಣಿ ಹಾಕಿ 15 ದಿನಕ್ಕೆ ಮರಿ ಬಿಡಬಹುದು.

ಪ್ರಶ್ನೆ: ನಮ್ಮ ಕೊಳ ಪೂರ್ತಿ ಬತ್ತಲ್ಲ ಸರ್, ತಳದಲ್ಲಿ ಊಟೆ ಇದೆ. ಕೊರವ ಮೀನು ಉಳಿದುಬಿಡುತ್ತೆ.

ಉತ್ತರ: ಕೊರವ ಉಳಿದರೆ ಮರಿಗೆ ಹಾಕಿದ ದುಡ್ಡು ಅದರ ಹೊಟ್ಟೆಗೆ. ಹಿಪ್ಪೆ ಹಿಂಡಿ ಬಳಸಿ. ಒಂದು ಘನ ಮೀಟರ್ ನೀರಿಗೆ 250 ಗ್ರಾಂ ಬೇಕು. ಪೂರ್ಣ ನೀರಿಗೆ ಹಾಕಹೊರಟರೆ 375 ಕೆ.ಜಿ. ಆಗುತ್ತದೆ. ಮೊದಲು ಪಂಪು ಹಚ್ಚಿ ಅರ್ಧ ಮೀಟರಿಗೆ ಇಳಿಸಿದರೆ 125 ಕೆ.ಜಿ. ಸಾಕು. ಹಿಂಡಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕದಡಿ, ಕೊಳದ ಎಲ್ಲ ಕಡೆ ಎರಚಿ, ಬಲೆ ಎಳೆದಾಡಿ ಬೆರೆಸಿ. ಅದರಲ್ಲಿರುವ ಸಪೋನಿನ್ ಎಂಬ ವಿಷ ಮೀನಿನ ಕೆಂಪು ರಕ್ತಕಣ ಒಡೆಯುತ್ತದೆ. ಹಾಗೆ ಸತ್ತ ಮೀನನ್ನು ತಾಜಾ ಇರುವಾಗಲೇ ಎತ್ತಿದರೆ ತಿನ್ನಬಹುದು. ಮೂರು ವಾರ ಕಾಯಿರಿ. ವಿಷ ಇಳಿದ ಮೇಲೆ ಹಿಂಡಿಯೇ ಗೊಬ್ಬರ, ಆದ್ದರಿಂದ ಆರಂಭದ ಸಗಣಿಯನ್ನು ಅರ್ಧಕ್ಕೆ ಇಳಿಸಿ. ಮರಿ ಬಿಡುವ ಮುಂಚೆ ಬಲೆಯ ಚೀಲದಲ್ಲಿ ಹತ್ತಿಪ್ಪತ್ತು ಮರಿ ಇಟ್ಟು ಒಂದು ದಿನ ನೋಡಿ. ಕೀಟನಾಶಕ ಹಾಕಿ ಮೀನು ಸಾಯಿಸುವವರು ಇದ್ದಾರೆ, ಆ ದಾರಿಗೆ ಹೋಗಲೇಬೇಡಿ.

ಪ್ರಶ್ನೆ: ಯಾವ ಮೀನು, ಎಷ್ಟು ಮರಿ? ತಿಲಾಪಿಯಾ ತಾನೇ ಮರಿ ಹಾಕುತ್ತಲ್ಲ, ಮರಿಯ ಖರ್ಚೇ ಇರಲ್ಲ ಅಂತಾರೆ.

ಉತ್ತರ: ತಾನೇ ಮರಿ ಹಾಕುವುದೇ ತಿಲಾಪಿಯಾದ ಕಷ್ಟ. ಎರಡು ಮೂರು ತಿಂಗಳಿಗೇ ಮರಿ ಮಾಡತೊಡಗಿ, ಕೊಳದ ತುಂಬ ಬೆರಳುದ್ದದ ಮೀನು ಆಗಿ ಯಾವುದೂ ದಪ್ಪವಾಗುವುದಿಲ್ಲ. ಸಾಕುವುದಾದರೆ ಗಂಡು ಮರಿ ಮಾತ್ರ ತಂದು, ಐದಾರು ತಿಂಗಳಲ್ಲಿ ಹಿಡಿದು ಖಾಲಿ ಮಾಡಿ. ಆಗದಿದ್ದರೆ ಗೆಂಡೆ ಮೀನುಗಳೇ ಸುಲಭ, ನಿಂತ ಕೊಳದಲ್ಲಿ ಅವು ಮರಿ ಮಾಡುವುದಿಲ್ಲ (ಸಾಮಾನ್ಯ ಗೆಂಡೆ ಬಿಟ್ಟು).

ನಿಮ್ಮ ಕೊಳಕ್ಕೆ ಗೆಂಡೆಗಳಲ್ಲಿ ಕಾಟ್ಲಾ 200, ರೋಹು 150, ಮೃಗಾಲ್ 150 ಮರಿ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ತಿನ್ನುತ್ತದೆ. ಕೈತಿಂಡಿ (ತೌಡು, ಹಿಂಡಿಯಂಥ ಮೇವು) ಏನೂ ಕೊಡುವುದಿಲ್ಲವೆಂದರೆ ಒಟ್ಟು 400ಕ್ಕೆ ನಿಲ್ಲಿಸಿ. ಬೆಳ್ಳಿ ಗೆಂಡೆ ಸೇರಿಸಿದರೆ ಕಾಟ್ಲಾ ಕುಗ್ಗುತ್ತದೆ, ಎರಡೂ ಒಂದೇ ಮೇವಿಗೆ ಬಾಯಿ ಹಾಕುತ್ತವೆ. ಮರಿ 10 ಸೆಂ.ಮೀ.ಗಿಂತ ಚಿಕ್ಕದಿರಬಾರದು. ಬಾತು ಇರುವ ಕೊಳದಲ್ಲಿ ಇದು ಕಟ್ಟುನಿಟ್ಟು, ಚಿಕ್ಕ ಮರಿಯನ್ನು ಬಾತು ನುಂಗಿಬಿಡುತ್ತದೆ. ಮರಿ ತಂದ ಚೀಲವನ್ನು 15–20 ನಿಮಿಷ ನೀರಲ್ಲಿ ತೇಲಿಬಿಟ್ಟು, ನಂತರ ಬಾಯಿ ಬಿಚ್ಚಿ, ಕೊಳದ ನೀರು ಸ್ವಲ್ಪ ಸ್ವಲ್ಪ ಸೇರಿಸಿ ಬಿಡಿ.

ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಪಾಲು ಸಿಕ್ಕಿದರೆ ಮೀನಿನ ಒಟ್ಟು ತೂಕದ ಶೇ 2ರಷ್ಟು ಕೊಡಿ: 200 ಗ್ರಾಂನ 500 ಮೀನು ಅಂದರೆ ದಿನಕ್ಕೆ 2 ಕೆ.ಜಿ. ಎರಚಬೇಡಿ. ಸಣ್ಣ ತೂತು ಮಾಡಿದ ಗೊಬ್ಬರದ ಖಾಲಿ ಚೀಲವನ್ನು ಚೆನ್ನಾಗಿ ತೊಳೆದು, ಅದರಲ್ಲಿ ತುಂಬಿ ಬಿದಿರಿನ ಗಳಕ್ಕೆ ಇಳಿಬಿಡಿ. ಮೀನು ತೂತಿಗೆ ಬಾಯಿ ಹಚ್ಚಿ ಎಳೆದು ತಿನ್ನುತ್ತದೆ, ತಳಕ್ಕೆ ಬಿದ್ದು ಹಾಳಾಗುವುದು ಕಡಿಮೆ.

ಪ್ರಶ್ನೆ: ನೀರು ಗಾಢ ಹಸಿರಾಗಿದೆ, ಖುಷಿಯಲ್ಲಿದ್ವಿ. ಎರಡು ದಿನದಿಂದ ಮೋಡ. ಇವತ್ತು ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಡೀತಿವೆ. ರೋಗವಾ?

ಉತ್ತರ: ಬಿಸಿಲು ಏರಿದ ಮೇಲೆ ಕೆಳಗೆ ಹೋದವಾ, ನೋಡಿ. ಹೋದರೆ ರೋಗವಲ್ಲ, ಆಮ್ಲಜನಕದ ಕೊರತೆ. ಇಡೀ ದಿನ ಮೇಲೇ ಇದ್ದರೆ ಕಿವಿರು ಪರೀಕ್ಷಿಸಬೇಕು.

ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಎಳೆದುಕೊಳ್ಳುತ್ತದೆ. ಜೊತೆಗೆ ಮೀನು, ತಳದ ಸಗಣಿ. ಮೋಡದ ದಿನ ತಯಾರಾಗುವುದೇ ಕಡಿಮೆ, ರಾತ್ರಿಯ ಖರ್ಚು ಮಾತ್ರ ಅಷ್ಟೇ. ಸೂರ್ಯ ಹುಟ್ಟುವ ಮುಂಚಿನ ಒಂದೆರಡು ತಾಸು ಅತಿ ಕೆಟ್ಟದ್ದು. ದೊಡ್ಡ ಮೀನು ಮೊದಲು ಸಾಯುತ್ತವೆ, ನಷ್ಟವೂ ಅಲ್ಲೇ.

ಈಗ ಮಾಡಬೇಕಾದದ್ದು: ಸಗಣಿ, ತೌಡು ಎರಡನ್ನೂ ನಿಲ್ಲಿಸಿ. ಬಾತಿನ ಮನೆಯ ಹಿಕ್ಕೆ ಕೊಳಕ್ಕೆ ಬೀಳದಂತೆ ತಗಡು ಹಾಕಿ ಆಚೆ ತಿರುಗಿಸಿ. ಹೊಸ ನೀರಿದ್ದರೆ ಎತ್ತರದಿಂದ ಚಿಮ್ಮುವಂತೆ ಬಿಡಿ. ಇಲ್ಲದಿದ್ದರೆ ಕೊಳದ ನೀರನ್ನೇ ಪಂಪಿನಿಂದ ಎತ್ತಿ ಚಿಮ್ಮಿಸಿ, ಆದರೆ ಫುಟ್‌ವಾಲ್ವ್ ಮೇಲ್ಪದರದಲ್ಲಿರಲಿ. ತಳದ ನೀರಲ್ಲಿ ಆಮ್ಲಜನಕವೇ ಇರುವುದಿಲ್ಲ. ಕೊಳಕ್ಕಿಳಿದು ಕೆಸರು ಕದಡಬೇಡಿ. ಮೀನು ಮೇಲೆ ಬಂದ ಕೂಡಲೇ ಸುಣ್ಣ ಎರಚುವ ಅಭ್ಯಾಸ ಬಹಳ ಜನಕ್ಕಿದೆ. ಗಾಢ ಹಸಿರು ನೀರಿನ ಪಿಎಚ್ ಮಧ್ಯಾಹ್ನ 9 ದಾಟಿರಬಹುದು, ಸುಣ್ಣ ಅದನ್ನು ಇನ್ನೂ ಏರಿಸುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯಾ ವಿಷವಾಗುತ್ತದೆ. ಅಳೆಯದೆ ಹಾಕಬೇಡಿ.

ಮುಂದಕ್ಕೆ, ಮೊಣಕೈ ಪರೀಕ್ಷೆ ರೂಢಿ ಮಾಡಿಕೊಳ್ಳಿ. ಬಿಸಿಲಲ್ಲಿ ಕೈಯನ್ನು ನೆಟ್ಟಗೆ ಇಳಿಸಿ. ನೀರು ಮೊಣಕೈ ಮುಟ್ಟುವಾಗ ಅಂಗೈ ಮರೆಯಾದರೆ ಸರಿಯಾಗಿದೆ. ಅದಕ್ಕೂ ಮುಂಚೆ, ಮುಂಗೈ ಅರ್ಧ ಮುಳುಗುವಷ್ಟರಲ್ಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ. ಮೊಣಕೈ ದಾಟಿದರೂ ಬೆರಳು ಎಣಿಸಲು ಬಂದರೆ ಹಾಕಬಹುದು. ಮೋಡದ ದಿನ ನೀರಿನ ಬಣ್ಣ ಏನೇ ಇರಲಿ, ಸಗಣಿ ಬೇಡ. ಉಳಿದ ದಿನ ಸಗಣಿಯನ್ನು ಬಗ್ಗಡ ಮಾಡಿ ಬೆಳಿಗ್ಗೆ 9ರ ನಂತರ ಹಲವು ಕಡೆ ಸುರಿಯಿರಿ. ಒಂದೇ ಮೂಲೆಯಲ್ಲಿ ರಾಶಿ ಹಾಕಿದರೆ ಅಲ್ಲೇ ಕೊಳೆತು ಕೆಟ್ಟ ಗಾಳಿ ಏಳುತ್ತದೆ.

ಪ್ರಶ್ನೆ: ನಮ್ಮದು ಉಲ್ಟಾ. ಹೊಸ ಕೊಳ, ತಿಂಗಳಿಂದ ಸಗಣಿ ಹಾಕಿದರೂ ನೀರು ಕೆಂಪು ಬಗ್ಗಡವೇ.

ಉತ್ತರ: ಜೇಡಿ ಕಣ ತೇಲುತ್ತಿದೆ, ಬೆಳಕು ಇಳಿಯುತ್ತಿಲ್ಲ, ಪಾಚಿ ಹುಟ್ಟುವುದೆಲ್ಲಿಂದ? ಒಂದೊಂದು ಬಕೆಟ್ ನೀರಿಗೆ ಬೇರೆ ಬೇರೆ ಪ್ರಮಾಣದ ಜಿಪ್ಸಂ ಹಾಕಿ ರಾತ್ರಿಯಿಡೀ ಬಿಡಿ. ತಿಳಿಯಾದ ಅತಿ ಕಡಿಮೆ ಪ್ರಮಾಣವನ್ನು ಕೊಳಕ್ಕೆ ಲೆಕ್ಕ ಹಾಕಿ. ಏರಿಗೆ ಹುಲ್ಲು ಹಚ್ಚದಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ ಬಗ್ಗಡ. ಬಾತುಗಳು ಏರಿಯನ್ನು ಕೆದಕುತ್ತವೆ, ಒಂದು ಬದಿ ಮಾತ್ರ ಇಳಿಜಾರು ಬಿಟ್ಟು ಉಳಿದದ್ದಕ್ಕೆ ಬಲೆ ಕಟ್ಟಿ.

ಪ್ರಶ್ನೆ: ಏರಿ ಮೇಲೆ ಏನು ಬೆಳೆಯಬಹುದು?

ಉತ್ತರ: ಹೊರ ಮಗ್ಗುಲಿಗೆ ಬಾಳೆ, ಪರಂಗಿ, ತರಕಾರಿ, ಒಳ ಅಂಚಿಗೆ ಮೇವಿನ ಹುಲ್ಲು. ದೊಡ್ಡ ಮರ ಬೇಡ, ಬೇರು ಏರಿಯನ್ನು ಸೀಳಿ ನೀರು ಸೋರುತ್ತದೆ. ಹುಲ್ಲು ಧಾರಾಳವಾಗಿದ್ದರೆ 500ರಲ್ಲಿ 40–50 ಹುಲ್ಲು ಗೆಂಡೆ ಇರಲಿ. ಅರ್ಧ ಕೆ.ಜಿ. ತೂಗುವ 50 ಮೀನು ದಿನಕ್ಕೆ 12 ಕೆ.ಜಿ.ಗೂ ಹೆಚ್ಚು ಹಸಿ ಹುಲ್ಲು ತಿನ್ನುತ್ತವೆ, ಅದನ್ನು ಕೊಯ್ದು ಹಾಕಲು ಆಳು ಇದೆಯೇ ಎಂದು ನೋಡಿಕೊಂಡೇ ಬಿಡಿ. ತರಕಾರಿಗೆ ಕೀಟನಾಶಕ ಹೊಡೆಯುವವರು ಏರಿಯಲ್ಲಿ ತರಕಾರಿ ಬೆಳೆಯದಿರುವುದೇ ಲೇಸು.

ಪ್ರಶ್ನೆ: ಹಿಕ್ಕೆ, ಸಗಣಿ ನೀರಿನ ಮೀನು ತಿನ್ನೋದು ಸುರಕ್ಷಿತವಾ ಮೇಡಂ?

ಉತ್ತರ (ಪಶುವೈದ್ಯೆ): ಚೆನ್ನಾಗಿ ಬೇಯಿಸಿದರೆ ತೊಂದರೆ ಇಲ್ಲ. ಹಿಡಿಯುವ ಎರಡು ವಾರ ಮುಂಚೆ ಗೊಬ್ಬರ ನಿಲ್ಲಿಸಿ, ಸಾಧ್ಯವಾದರೆ ಹೊಸ ನೀರು ಸೇರಿಸಿ. ಶುಚಿ ಮಾಡುವಾಗ ಕರುಳು ಒಡೆಯದಂತೆ ತೆಗೆಯಿರಿ, ಸೂಕ್ಷ್ಮಾಣು ಹೆಚ್ಚಿರುವುದು ಅಲ್ಲೇ. ಕೈಯಲ್ಲಿ ಗಾಯವಿದ್ದವರು ಕೊಳಕ್ಕಿಳಿಯಬೇಡಿ. ಕೋಳಿಗೋ ಹಸುವಿಗೋ ಆ್ಯಂಟಿಬಯೋಟಿಕ್, ಜಂತಿನ ಔಷಧಿ ಕೊಟ್ಟಿದ್ದರೆ ಆ ದಿನಗಳ ಗೊಬ್ಬರ ತಿಪ್ಪೆಗೆ ಹೋಗಲಿ. ಹಕ್ಕಿಗಳು ಸಾಯತೊಡಗಿದರೆ ಅವುಗಳ ಹಿಕ್ಕೆ ಕೊಳಕ್ಕೆ ಬರಲೇಬಾರದು, ಸತ್ತ ಹಕ್ಕಿಯನ್ನು ಮೀನಿಗೆ ಎಸೆಯುವುದಂತೂ ಸಲ್ಲದು. ಇನ್ನು ಬಾತು ಬಹುತೇಕ ಮೊಟ್ಟೆಯನ್ನು ಬೆಳಿಗ್ಗೆ 9ರೊಳಗೆ ಇಡುತ್ತದೆ. ಅಲ್ಲಿಯವರೆಗೆ ಮನೆಯೊಳಗೇ ಇರಲಿ, ಬೇಗ ಬಿಟ್ಟರೆ ಮೊಟ್ಟೆ ಕೊಳದ ತಳ ಸೇರುತ್ತದೆ.