ಸರಕು ತಡವಾಗುತ್ತದೆ ಎಂದು ಗ್ರಾಹಕರಿಗೆ ಬರೆಯುವುದು ಹೇಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮೆಷಿನ್ ಶಾಪ್. ಹೊಸೂರಿನ ಕಂಪನಿಯೊಂದಕ್ಕೆ ಜೂನ್ 10ರೊಳಗೆ 1,200 ಅಲ್ಯೂಮಿನಿಯಂ ಬ್ರ್ಯಾಕೆಟ್ ಕೊಡಬೇಕು. 400 ಸಿದ್ಧವಾಗಿವೆ. ಉಳಿದ 800ಕ್ಕೆ ಆನೊಡೈಸಿಂಗ್ ಪದರ (ಅಲ್ಯೂಮಿನಿಯಂ ಮೇಲೆ ವಿದ್ಯುತ್ತಿನಿಂದ ಬೆಳೆಸುವ ರಕ್ಷಣೆಯ ಆಕ್ಸೈಡ್ ಪದರ) ತೆಳುವಾಗಿ ಬಂದಿದೆ, ಹೊಸದಾಗಿ ಮಾಡಲು 18 ದಿನ ಹೆಚ್ಚು ಬೇಕು. ಗ್ರಾಹಕರು ಕೈತಪ್ಪದ ಹಾಗೆ ಮೇಲ್ ಹೇಗೆ ಬರೆಯುವುದು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಖರೀದಿ ವಿಭಾಗದಿಂದ:
ಮೇಲ್ ತೆರೆದ ಕೂಡಲೇ ನಾವು ಹುಡುಕುವುದು ಮೂರನ್ನು: ಯಾವ ಪಿಒ (ಪರ್ಚೇಸ್ ಆರ್ಡರ್, ಅಂದರೆ ಖರೀದಿ ಆದೇಶ), ಎಷ್ಟು ನಗ, ಯಾವತ್ತು ನಮ್ಮ ಗೇಟಿಗೆ ಬರುತ್ತದೆ. ಇವು ಸಿಕ್ಕರೆ ಪ್ರೊಡಕ್ಷನ್ ಪ್ಲ್ಯಾನಿಂಗ್‌ನವರು ಲೈನ್‌ನಲ್ಲಿ ಬೇರೆ ಮಾಡೆಲ್ ಹಾಕಿಕೊಳ್ಳುತ್ತಾರೆ. ಹಾಗಾಗಿ ವಿಷಯದ ಸಾಲಿನಲ್ಲೇ ಬರೆಯಿರಿ: 'ಪಿಒ ಸಂಖ್ಯೆ ಇಂಥದ್ದು: 400 ಬ್ರ್ಯಾಕೆಟ್ ನಾಳೆ ರವಾನೆ, 800 ಜೂನ್ 28ಕ್ಕೆ'. 'ಸರಬರಾಜಿನ ಬಗ್ಗೆ' ಎಂದಷ್ಟೇ ಹಾಕಿದ ಮೇಲ್ ಸಂಜೆಯವರೆಗೂ ತೆರೆಯದೆ ಉಳಿಯುತ್ತದೆ.

'ಆದಷ್ಟು ಬೇಗ ಕಳಿಸುತ್ತೇವೆ' ಅಂತ ಮಾತ್ರ ಬರೆಯಬೇಡಿ. ಅದನ್ನು ಓದಿದವರು ಮೊದಲು ಮಾಡುವ ಕೆಲಸ ಇನ್ನೊಬ್ಬ ಸಪ್ಲೈಯರ್‌ಗೆ ಫೋನ್. 28ಕ್ಕೆ ಆಗುವುದು ಅನುಮಾನವಿದ್ದರೆ ಜುಲೈ 2 ಎನ್ನಿ. ಒಂದು ಸಲ ತಡವಾದರೆ ಸಹಿಸುತ್ತೇವೆ, ಹೊಸ ತಾರೀಖೂ ತಪ್ಪಿದರೆ ಸಪ್ಲೈಯರ್ ಆಗಿ ನಿಮಗೆ ನಾವು ಕೊಡುವ ರೇಟಿಂಗ್ ಬೀಳುತ್ತದೆ.

ಗುಣಮಟ್ಟ ವಿಭಾಗದಿಂದ:
ಕಾರಣ ಎರಡೇ ವಾಕ್ಯದಲ್ಲಿರಲಿ, ಆದರೆ ತಾಂತ್ರಿಕವಾಗಿ ಸರಿಯಿರಲಿ. ಡ್ರಾಯಿಂಗ್‌ನಲ್ಲಿ ಪದರದ ದಪ್ಪ 15 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಇದ್ದು ನಿಮಗೆ 9 ಬಂದಿದ್ದರೆ ಆ ಅಂಕಿಗಳನ್ನೇ ಕೊಡಿ. 'ಮತ್ತೊಮ್ಮೆ ಆನೊಡೈಸ್ ಮಾಡಿದರಾಯಿತಲ್ಲ, 18 ದಿನ ಯಾಕೆ?' ಎಂದು ಅವರ ಎಂಜಿನಿಯರ್ ಖಂಡಿತ ಕೇಳುತ್ತಾರೆ. ಹಳೆಯ ಪದರ ತೆಗೆಯುವಾಗ ಅದರ ಜೊತೆ ಅಲ್ಯೂಮಿನಿಯಂ ಕೂಡ ಸವೆಯುತ್ತದೆ, ರಂಧ್ರದ ಅಳತೆ ಹಿಗ್ಗುತ್ತದೆ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಬಿಗಿ ಇದ್ದರೆ ಹೊಸ ಲೋಹದಿಂದಲೇ ಶುರು ಮಾಡಬೇಕು. ಇದನ್ನು ಅವರು ಕೇಳುವ ಮೊದಲೇ ಹೇಳಿದರೆ ಅನುಮಾನಕ್ಕೆ ಜಾಗವಿರುವುದಿಲ್ಲ. ತಪ್ಪನ್ನು ಆನೊಡೈಸಿಂಗ್ ಮಾಡಿಕೊಟ್ಟವರ ತಲೆಗೆ ಕಟ್ಟಬೇಡಿ. ಅವರನ್ನು ಆರಿಸಿದ್ದು ನೀವು, ಗ್ರಾಹಕರ ಲೆಕ್ಕದಲ್ಲಿ ಅದೂ ನಿಮ್ಮದೇ ಕೆಲಸ.

ನಾನಾದರೆ ಹೀಗೆ ಬರೆಯುತ್ತೇನೆ:
'ಜೂನ್ 10ಕ್ಕೆ ಕೊಡಬೇಕಿದ್ದ 1,200 ಬ್ರ್ಯಾಕೆಟ್‌ಗಳಲ್ಲಿ 400 ನಾಳೆ ಹೊರಡುತ್ತವೆ, 800 ಜೂನ್ 28ಕ್ಕೆ ತಲುಪುತ್ತವೆ. ಈ ತಡಕ್ಕೆ ಕ್ಷಮೆಯಿರಲಿ. ಪದರ 15 ಮೈಕ್ರಾನ್ ಬದಲು 9 ಬಂದಿದ್ದರಿಂದ ಆ ಲಾಟನ್ನು ನಾವೇ ತಡೆದೆವು. ಪದರ ತೆಗೆದರೆ ರಂಧ್ರದ ಅಳತೆ ಕೆಡುವುದರಿಂದ ಹೊಸದಾಗಿ ಮಾಡುತ್ತಿದ್ದೇವೆ. ಮಧ್ಯದಲ್ಲಿ ನಿಮಗೆ ಕನಿಷ್ಠ ಎಷ್ಟು ನಗ ಬೇಕೆಂದು ತಿಳಿಸಿದರೆ ಅಷ್ಟನ್ನು ಮೊದಲು ಮುಗಿಸಿ ಕಳಿಸುತ್ತೇವೆ.'

ಕೊನೆಯ ವಾಕ್ಯ ಬಿಡಬೇಡಿ. ಎಷ್ಟೋ ಸಲ ಅವರಿಗೆ ತುರ್ತಾಗಿ ಬೇಕಿರುವುದು 150 ನಗ ಮಾತ್ರ.

ಕರಾರು ನೋಡಿಕೊಳ್ಳುವವರು:
ಮೇಲ್ ಕಳಿಸುವ ಮೊದಲು ಪಿಒ ಹಿಂಬದಿಯ ಷರತ್ತು ಓದಿ. ತಡಕ್ಕೆ ವಾರಕ್ಕೆ 0.5%, ಗರಿಷ್ಠ 5% ಅಥವಾ 10% ಕಡಿತ ಅಂತ ಅನೇಕ ಪಿಒಗಳಲ್ಲಿ ಇರುತ್ತದೆ. ತಡವಾದ ಸರಕಿನ ಬೆಲೆಯ ಮೇಲೆಯೋ, ಇಡೀ ಆರ್ಡರ್ ಮೇಲೆಯೋ ನೋಡಿ. ತಡವಾದದ್ದರ ಮೇಲೆ ಮಾತ್ರ ಅಂದರೆ, 400ನ್ನು ಈಗಲೇ ಕಳಿಸುವುದರಿಂದ ನಿಮಗೆ ದುಡ್ಡೂ ಉಳಿಯುತ್ತದೆ.

'ನಿಮ್ಮ ನಷ್ಟವನ್ನೆಲ್ಲ ಭರಿಸುತ್ತೇವೆ' ಎಂದು ಸೌಜನ್ಯಕ್ಕೂ ಬರೆಯಬೇಡಿ. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ, ಕರಾರಿನಲ್ಲಿ ಮೊತ್ತ ನಮೂದಾಗಿದ್ದರೆ ಪರಿಹಾರ ಅದನ್ನು ಮೀರುವಂತಿಲ್ಲ. ಆ ರಕ್ಷಣೆಯನ್ನು ನೀವೇ ಯಾಕೆ ಬಿಟ್ಟುಕೊಡಬೇಕು? ಅವಧಿ ವಿಸ್ತರಣೆಗೆ ನೇರವಾಗಿ ಕೇಳಿ, ಜೂನ್ 28 ಎಂದು ತಿದ್ದಿದ ಪಿಒ ತರಿಸಿಕೊಳ್ಳಿ. ಫೋನಿನಲ್ಲಿ 'ಸರಿ ಬಿಡಿ' ಅಂದವರು ಬಿಲ್ ಪಾಸಾಗುವ ಹೊತ್ತಿಗೆ ಬೇರೆ ಕಡೆ ವರ್ಗವಾಗಿರಬಹುದು.

ಮಾರಾಟ ವಿಭಾಗದಿಂದ:
ಮೇಲಿನ ಮಾದರಿ ಚೆನ್ನಾಗಿದೆ. ಆದರೆ ಮೊದಲು ಫೋನ್ ಮಾಡಿ, ಹತ್ತೇ ನಿಮಿಷದಲ್ಲಿ ಮೇಲ್ ಕಳಿಸಿ. ಖರೀದಿಯವರು ತಮ್ಮ ಮೇಲಿನವರಿಗೆ ಸುದ್ದಿ ಮುಟ್ಟಿಸುವಾಗ ಆ ಮೇಲ್ ಅವರ ಕೈಯಲ್ಲಿರಬೇಕು. ಅವರ ಬಾಸ್‌ಗೆ ನೀವೇ ಸಿಸಿ ಹಾಕಬೇಡಿ, ದೂರು ಕೊಟ್ಟ ಹಾಗಾಗುತ್ತದೆ. ಶುಕ್ರವಾರ ಸಂಜೆಯೂ ಬೇಡ, ಸೋಮವಾರದ ಶಿಫ್ಟ್ ಪ್ಲ್ಯಾನ್ ಅಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಎರಡು ದಿನಕ್ಕೊಮ್ಮೆ ಒಂದು ಸಾಲು ಹಾಕುತ್ತಿರಿ: ಮೆಷಿನಿಂಗ್ ಎಷ್ಟು ಮುಗಿಯಿತು, ಆನೊಡೈಸಿಂಗ್‌ಗೆ ಎಷ್ಟು ಹೋಯಿತು.