ಪ್ರಶ್ನೋತ್ತರ: ಗಂಜಿಯಲ್ಲಿ ಮಾತ್ರೆ ಬೆರೆಸಬಹುದೇ?

ಪ್ರಶ್ನೆ (ಅಂಕೋಲಾ ಕಡೆಯ ಸದಸ್ಯೆ): ಡಾಕ್ಟರೇ, ನಮಸ್ಕಾರ. ಕಾರವಾರದಲ್ಲಿ ಪದವಿ ಓದುತ್ತಿದ್ದ ನನ್ನ 21 ವರ್ಷದ ತಮ್ಮ ಮೂರು ತಿಂಗಳ ಹಿಂದೆ ಓದು ಬಿಟ್ಟು ಮನೆಗೆ ಬಂದಿದ್ದಾನೆ. ಪಕ್ಕದ ಮನೆಯವರು ರಾತ್ರಿಯಿಡೀ ತನ್ನ ಬಗ್ಗೆಯೇ ಮಾತಾಡುತ್ತಾರೆ, ಆಯಿ ಬಡಿಸುವ ಗಂಜಿಯಲ್ಲಿ ಏನೋ ಹಾಕಿರುತ್ತಾಳೆ ಎನ್ನುತ್ತಾನೆ. ಗಾಳಿ ಸೋಕಿರಬಹುದೆಂದು ದೇವಸ್ಥಾನದಲ್ಲಿ ಪ್ರಸಾದ ಕೇಳಿದ್ದೂ ಆಯಿತು. ಮನೋವೈದ್ಯರು ಸೈಕೋಸಿಸ್ (ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬುವ ಸ್ಥಿತಿ) ಎಂದು ಹೇಳಿ ಮಾತ್ರೆ ಕೊಟ್ಟಿದ್ದಾರೆ, ಅವನು ನುಂಗುವುದಿಲ್ಲ. ತಿಳಿಯದಂತೆ ಗಂಜಿಯಲ್ಲಿ ಬೆರೆಸಬಹುದೇ? ಇದು ಸ್ಕಿಜೋಫ್ರೇನಿಯಾವೇ?

ಉತ್ತರ (ಮನೋವೈದ್ಯರು): ದಯವಿಟ್ಟು ಬೆರೆಸಬೇಡಿ. ಊಟದಲ್ಲಿ ಏನೋ ಹಾಕುತ್ತಾರೆಂಬುದೇ ಅವನ ಭಯವಾಗಿರುವಾಗ, ನೀವು ಬೆರೆಸಿದ ದಿನ ಆ ಅನುಮಾನ ನಿಜವೇ ಆಗಿಬಿಡುತ್ತದೆ; ಅದು ಕಣ್ಣಿಗೆ ಬಿದ್ದರೆ ಮಾತ್ರೆಯ ಜೊತೆಗೆ ಊಟವನ್ನೂ ಬಿಟ್ಟಾನು. ಎಲ್ಲರೂ ಉಣ್ಣುವ ಪಾತ್ರೆಯಿಂದ ಅವನೇ ಬಡಿಸಿಕೊಳ್ಳಲಿ. ಅವನು ಹೇಳುವುದು ಸುಳ್ಳೆಂದು ವಾದಿಸಬೇಡಿ, ಹೌದೆಂದು ತಲೆಯಾಡಿಸಲೂ ಬೇಡಿ. "ಆ ಧ್ವನಿ ನನಗೆ ಕೇಳಿಸುತ್ತಿಲ್ಲ, ಆದರೆ ನೀನು ಹೆದರಿದ್ದೀಯ, ನಿದ್ದೆಯಿಲ್ಲ ಎಂಬುದು ಕಾಣುತ್ತಿದೆ" ಎನ್ನಿ. ಕಾಯಿಲೆಯನ್ನು ಒಪ್ಪದವರು ನಿದ್ದೆಗೆಟ್ಟಿರುವುದನ್ನು ಒಪ್ಪುತ್ತಾರೆ. ಮಾತ್ರೆಯ ಮಾತು ಅಲ್ಲಿಂದ ಆರಂಭವಾಗಬಹುದು. ದಿನವೂ ನುಂಗುವುದು ಕಷ್ಟವೆಂದಾದರೆ, ಕೆಲವು ವಾರಗಳಿಗೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದೂ ಇದೆ.

ಇನ್ನು ಹೆಸರಿನ ವಿಷಯ. ಸೈಕೋಸಿಸ್ ಎಂಬುದು ಜ್ವರವಿದ್ದಂತೆ, ಅದರ ಹಿಂದೆ ಹಲವು ಕಾರಣಗಳಿರಬಹುದು: ಗಾಂಜಾ, ಥೈರಾಯ್ಡ್ ದೋಷ, ಮೂರ್ಛೆರೋಗ, ತೀವ್ರ ಖಿನ್ನತೆ. ಸ್ಕಿಜೋಫ್ರೇನಿಯಾ ಆ ಕಾರಣಗಳಲ್ಲೊಂದು. ಉಳಿದ ಕಾರಣಗಳನ್ನೆಲ್ಲ ತಳ್ಳಿಹಾಕಿ, ಲಕ್ಷಣಗಳು ಎಷ್ಟು ಕಾಲದಿಂದ ಇವೆಯೆಂದು ನೋಡಿಯೇ ಆ ಹೆಸರು ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಕನಿಷ್ಠ ಒಂದು ತಿಂಗಳು, ಅಮೆರಿಕದ ಮಾನದಂಡದಲ್ಲಿ ಆರು ತಿಂಗಳು. ಆದ್ದರಿಂದ ನಿಮ್ಮ ವೈದ್ಯರು ಈಗಲೇ ಸ್ಕಿಜೋಫ್ರೇನಿಯಾ ಎನ್ನದಿದ್ದುದು ಸರಿಯಾಗಿಯೇ ಇದೆ. 1908ರಲ್ಲಿ ಸ್ವಿಸ್ ವೈದ್ಯ ಬ್ಲಾಯ್ಲರ್ ಈ ಪದವನ್ನು ಬಳಕೆಗೆ ತಂದರು. ಕನ್ನಡದ 'ಛಿದ್ರಮನಸ್ಕತೆ' ಅದರದೇ ಅರ್ಥ. ಒಂದೇ ದೇಹದಲ್ಲಿ ಇಬ್ಬರಿರುತ್ತಾರೆಂಬ ಸಿನಿಮಾ ಕಲ್ಪನೆಗೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಬ್ಬ ಸದಸ್ಯರು (ಸಿದ್ದಾಪುರ): ನಮ್ಮಲ್ಲಿ ಮಂಗನ ಕಾಯಿಲೆ ಬಂದವರೊಬ್ಬರು ಏನೇನೋ ಬಡಬಡಿಸುತ್ತಿದ್ದರು. ಅದೂ ಇದೇ ಏನು?

ಉತ್ತರ: ಅಲ್ಲ. ಜ್ವರದ ಜೊತೆಗೆ ದಿನ, ಸ್ಥಳ, ಜನ ಯಾವುದರ ಗುರುತೂ ಸಿಗದಂತಾಗುವುದನ್ನು ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರು. ಮಂಗನ ಕಾಯಿಲೆ ಕೆಲವರಲ್ಲಿ ಮೆದುಳನ್ನೂ ಬಾಧಿಸುತ್ತದೆ. ಅಂಥವರನ್ನು ಮನೋವೈದ್ಯರಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಪ್ರಶ್ನಿಸಿದ ಸದಸ್ಯೆ: ಮಾತ್ರೆ ಎಷ್ಟು ದಿನ ಬೇಕು ಡಾಕ್ಟರೇ? ಆಯಿ ತನ್ನಿಂದಲೇ ಹೀಗಾಯಿತೆಂದು ಅಳುತ್ತಾಳೆ.

ಉತ್ತರ: ಹಿಂದೊಮ್ಮೆ ವೈದ್ಯರೇ ತಾಯಂದಿರನ್ನು ದೂರಿದ್ದುಂಟು, ಆ ವಾದವನ್ನು ವೈದ್ಯಶಾಸ್ತ್ರ ಕೈಬಿಟ್ಟು ದಶಕಗಳಾದವು. ಆಯಿಗೆ ಇದನ್ನು ನನ್ನ ಹೆಸರಿನಲ್ಲೇ ಹೇಳಿ. ಮಾತ್ರೆಯ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಗುಣವಾದಂತೆ ಕಂಡ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸಬೇಕಾಗುತ್ತದೆ. ಕೈಕಾಲು ಬಿಗಿತ, ತೂಕಡಿಕೆ, ತೂಕ ಏರಿಕೆ ಕಂಡರೆ ನೀವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಪೂಜೆ ನಡೆಯಲಿ, ಔಷಧಿ ಮಾತ್ರ ಅದಕ್ಕಾಗಿ ಕಾಯುವುದು ಬೇಡ. ಸಾಯಲು ಅಥವಾ ಯಾರನ್ನಾದರೂ ಹೊಡೆಯಲು ಧ್ವನಿ ಹೇಳುತ್ತಿದೆ ಎಂದರೆ, ಅನ್ನನೀರು ಬಿಟ್ಟರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಭೇಟಿಗೆ ನೀವಷ್ಟೇ ಹೋಗಿ ಚೀಟಿ ಬರೆಸಿಕೊಂಡು ಬರಬೇಡಿ, ತಮ್ಮನನ್ನೂ ಕರೆದೊಯ್ಯಿರಿ.